ಕೂತವರೂ ಆಡುವ ಭಾನುವಾರ

ಟಕ್, ಟಕ್, ಟೊಳ್ಳು ಸದ್ದು, ಮೈತುಂಬ ತೂತಿನ ಹಳದಿ ಚೆಂಡು ನೆಟ್ಟಿನ ಅಂಚು ಸವರಿಕೊಂಡು ಆಚೆ ಬೀಳುತ್ತದೆ, ಹೊಡೆದದ್ದು ರವೀಶ್ ಇರಬೇಕು, ಟೈರ್ ಅಂಗಡಿಯ ರವೀಶ್ ಬಾರಿಸಿದರೆ ಕಾಂಪೌಂಡಿನ ಪಾರಿವಾಳಗಳೆಲ್ಲ ಏಳುತ್ತವೆ, ಜೊತೆಯಲ್ಲಿ ಆಡುವವರಿಗೆ ಬಂದ ಚೆಂಡನ್ನೂ ಅವನೇ ಹೊಡೆಯುತ್ತಾನೆ — ದೀಪಿಕಾ ವಿಸಲ್ಲನ್ನು ಬೆರಳಿಗೆ ಸುತ್ತಿಕೊಂಡು ನೋಡುತ್ತಿದ್ದಾಳೆ, ವಾರವೆಲ್ಲ ಸ್ಕೂಲಿನಲ್ಲಿ ಪಿ.ಟಿ. ಮೇಡಂ, ಭಾನುವಾರ ತುಮಕೂರಿನ ಈ ಪಿಕಲ್‌ಬಾಲ್ ಬ್ಯಾಚಿಗೆ ಕೋಚ್, ಎರಡು ಕೋರ್ಟು, ಹದಿನಾರು ಜನ, ಆಡುವವರು ಎಂಟು, ಉಳಿದ ಎಂಟು ಜನ ಏನು ಮಾಡಬೇಕು, ಫೋನ್ ನೋಡಬೇಕೇ, ಆಕಳಿಸಬೇಕೇ — ಆ ಎಂಟರಲ್ಲಿ ಅತ್ತೆಯೂ ಒಬ್ಬರು, ಶಿವರುದ್ರಮ್ಮ, ಮಾವ ಹೋದ ಮೇಲೆ ಕುಣಿಗಲ್ಲಿನಿಂದ ಇವರ ಮನೆಗೆ ಬಂದವರು, ಟೀವಿ ಮುಂದೆ ಕೂತರೆ ಟೀವಿ ಆರಿಸಿದ ಮೇಲೂ ಅಲ್ಲೇ ಕೂತಿರುತ್ತಿದ್ದವರು, ಬನ್ನಿ ಅತ್ತೆ ಒಂದಿನ ನೋಡಿ, ಅದೇನ್ ಉಪ್ಪಿನಕಾಯಿ ಆಟವೋ ಬುಡವ್ವ ನಂಗ್ಯಾಕೆ ಈ ವಯಸ್ನಲ್ಲಿ, ಆದರೂ ಬಂದರು, ಕೆರೆ ಏರಿಯ ಮೇಲೆ ದಿನಾ ನಡೆದಿದ್ದ ಕಾಲು, ಮೊದಲ ದಿನವೇ ಓಡಿದರು, ಮನೆಗೆ ಹೋಗುವಾಗ ಆಟೋದಲ್ಲಿ ಒಬ್ಬರೇ ನಕ್ಕರು, ಏನತ್ತೆ, ಏನಿಲ್ಲ — ಆಮೇಲೆ ಬ್ಯಾಚು ತುಂಬಿತು, ಹೋದ ವಾರ ಕೋರ್ಟಿನ ಪಕ್ಕದ ಕಟ್ಟೆಯ ಮೇಲೆ ಕೂತದ್ದೇ ಕೂತದ್ದು, ಮನೆಗೆ ಬಂದು ಬ್ಯಾಟನ್ನು ಫ್ರಿಜ್ಜಿನ ಮೇಲಿಟ್ಟು, ಕೂತ್ಕೊಂಡ್ ನೋಡಕ್ಕೆ ಅಲ್ಲೀತನ್ಕ ಯಾಕ್ ಬರ್ಲಿ ದೀಪು, ಮನೇಲೇ ಕೂತಿರ್ತೀನಿ, ಇನ್ನೊಂದ್ ವಾರ ನೋಡ್ತೀನಿ ಅಷ್ಟೇ — ದನಿಯಲ್ಲಿ ಕೋಪವಿರಲಿಲ್ಲ, ಇದ್ದಿದ್ದರೆ ವಾಸಿಯಿತ್ತು.

ಕೂತವರು, ಕೂತವರು, ಗುಬ್ಬಿಯ ಹೈಸ್ಕೂಲ್ ಮೈದಾನದಲ್ಲಿ ಖೊಖೋ ಆಡುವಾಗ ತಾನೂ ಕೂತವಳೇ, ಒಬ್ಬಳ ಮುಖ ಈ ಕಡೆ, ಇನ್ನೊಬ್ಬಳದು ಆ ಕಡೆ, ಹಿಮ್ಮಡಿ ನೆಲಕ್ಕೂರದೆ ಕೂತು, ಬೆನ್ನಿಗೆ ಅಂಗೈ ಬಿದ್ದು ಖೋ ಎನ್ನುವಷ್ಟರಲ್ಲಿ ಎದ್ದಾಗಿರಬೇಕು, ಲಕ್ಷ್ಮೀನರಸಿಂಹಯ್ಯ ಮೇಷ್ಟ್ರು ದೂರದಿಂದಲೇ, ಏನ್ಲೇ ದೀಪಿಕಾ, ತೂಕಡಿಸ್ತೀಯಾ, ಕೂತಿರೋರೂ ಆಡ್ತಾ ಇರ್ಬೇಕು ಕಣೇ — ಇದು ನೆನಪಾದದ್ದು ಮೊನ್ನೆ ತಾರಸಿಯಲ್ಲಿ ಬಟ್ಟೆ ಒಣಹಾಕುವಾಗ, ಹಗ್ಗದ ಆಚೆ ಅತ್ತೆ, ಈಚೆ ತಾನು, ಒದ್ದೆ ಸೀರೆ ಆಚೆಯಿಂದ ಹಾರಿ ಬರುತ್ತದೆ, ಅಂಚು ಹಿಡಿದು ಎಳೆಯುತ್ತಾಳೆ, ಇಬ್ಬರ ಕೈಗೂ ಕೆಲಸ, ಯಾರೂ ಯಾರಿಗೂ ಕಾಯುತ್ತಿಲ್ಲ, ಅರೆ, ಇಷ್ಟೇ ಅಲ್ಲವೇ — ಇವತ್ತು ಬೇವಿನ ಮರದಿಂದ ನೀರಿನ ಟ್ಯಾಂಕಿನ ಕಂಬಕ್ಕೆ ಸೊಂಟದೆತ್ತರದಲ್ಲಿ ಹಗ್ಗ ಬಿಗಿದಿದ್ದಾಳೆ, ಕೋರ್ಟು ಸಿಗದ ಎಂಟು ಜನ ಆಚೆ ನಾಲ್ಕು ಈಚೆ ನಾಲ್ಕು, ಚೆಂಡನ್ನು ಮೆತ್ತಗೆ ತಟ್ಟಿ ದಾಟಿಸುತ್ತಿರಬೇಕು, ವಿಸಲ್ ಬಿದ್ದರೆ ಹಗ್ಗದವರು ಕೋರ್ಟಿಗೆ, ಕೋರ್ಟಿನವರು ಹಗ್ಗಕ್ಕೆ, ಗೆದ್ದವರೂ ಅಷ್ಟೇ, ಸೋತವರೂ ಅಷ್ಟೇ.

ಊದಿದಳು, ಸಂತೆಯಾಯಿತು, ಒಬ್ಬರಿಗೊಬ್ಬರು ಡಿಕ್ಕಿ, ಬ್ಯಾಂಕಿನ ಗಂಗಾಧರ್ ಕೋರ್ಟಿನಿಂದ ಬಂದವರು ಮತ್ತೆ ಕೋರ್ಟಿಗೇ ಹೋದರು, ರವೀಶ್ ಕದಲಲಿಲ್ಲ, ಮೇಡಂ ಇನ್ನೊಂದೇ ಪಾಯಿಂಟು, ಗೆಲ್ತಾ ಇದೀವಿ, ಇದೇನ್ ಸ್ಕೂಲ್ ಡ್ರಿಲ್ಲಾ — ಬಿಟ್ಟುಬಿಡಲೇ, ಹಳೆಯದೇ ಇರಲೇ, ಅತ್ತೆ ಬ್ಯಾಟು ಹಿಡಿದು ನಡುವೆ ನಿಂತಿದ್ದಾರೆ, ಕಟ್ಟೆಯ ಕಡೆ ನೋಡುತ್ತಿದ್ದಾರೆ — ಡ್ರಿಲ್ಲೇ ರವೀಶ್ ಅವ್ರೇ, ಹಗ್ಗದ ಹತ್ರ ಬನ್ನಿ, ಬಂದ, ಮುಖ ಊದಿಸಿಕೊಂಡು ಬಂದ, ಎರಡನೇ ವಿಸಲ್ಲಿಗೆ ಗೊಂದಲ ಕಮ್ಮಿ, ಆಮೇಲೆ ತಾನಾಗಿ ಹರಿಯಿತು, ಹೋಗುವವರು ಎಡಕ್ಕೆ, ಬರುವವರು ಬಲಕ್ಕೆ, ನಡುನಡುವೆ ಎರಡೂ ಗುಂಪಿನಿಂದ ಒಬ್ಬೊಬ್ಬರನ್ನು ಅದಲುಬದಲು ಮಾಡಿದಳು, ಜೋಡಿ ಬದಲಾಗುತ್ತಾ ಬದಲಾಗುತ್ತಾ ಹಗ್ಗದ ಒಂದು ಬದಿ ಅತ್ತೆ, ಎದುರಿಗೆ ರವೀಶ್, ಅವನು ಹೊಡೆದದ್ದು ಸೀದಾ ಬೇವಿನ ಕೊಂಬೆಗೆ, ಮೆತ್ತಗಪ್ಪಾ, ಟೈರಲ್ಲ ಇದು, ಮೆತ್ತಗೆ, ಸುತ್ತ ಎಲ್ಲರೂ ನಗುತ್ತಾರೆ, ಅವನೂ ನಗುತ್ತಾನೆ, ನೀವೇ ತೋರಿಸ್ಕೊಡಿ ಅಮ್ಮ, ಅತ್ತೆ ತಟ್ಟುತ್ತಾರೆ, ಚೆಂಡು ಹಗ್ಗದ ಮೇಲೆ ಇಣುಕಿ ಅವನ ಕಾಲ ಬುಡದಲ್ಲಿ ಮಲಗುತ್ತದೆ — ಈಗ ಮತ್ತೆ ವಿಸಲ್, ಅತ್ತೆ ಕೋರ್ಟಿಗೆ ಹೋಗುತ್ತಾ ಪಕ್ಕದಲ್ಲೇ ಹಾದರು, ಮೇಡಂ, ಸ್ವಲ್ಪ ನಿಧಾನ್ವಾಗಿ ಊದಮ್ಮ, ಉಸಿರು ಸಾಲ್ದು, ಮೇಡಂ ಅಂದರೇ, ಸೊಸೆಗೆ ಮೇಡಂ, ಮಧ್ಯಾಹ್ನ ಗಂಡನಿಗೆ ಹೇಳಬೇಕು, ಬೇಡ, ಅವರೇ ಹೇಳಿಕೊಳ್ಳಲಿ, ಹಗ್ಗ ಸಾಲದು, ಇನ್ನೊಂದು ತರಬೇಕು, ಮುಂದಿನ ಭಾನುವಾರ ಅಮ್ಮನ ಮನೆಗೆ ಗುಬ್ಬಿಗೆ ಹೋಗುವುದಿತ್ತು, ಬೇಡ, ಅದರಾಚೆಗೆ ಹೋದರಾಯಿತು, ಮಧ್ಯಾಹ್ನದ ಉಪ್ಸಾರಿಗೆ ಸೊಪ್ಪು ತರಬೇಕು — ಆಚೆ ತುದಿಯಲ್ಲಿ ಗಂಗಾಧರ್ ಸರ್ವಿಗೆ ಬ್ಯಾಟು ಹಿಂದಕ್ಕೆ ಎಳೆದಿದ್ದಾರೆ, ಚೆಂಡಿನ್ನೂ ಬಂದಿಲ್ಲ, ಈಚೆ ಅತ್ತೆ ಬಾಗಿ ಕಾಯುತ್ತಿದ್ದಾರೆ, ಹೊಸ ಬಿಳಿ ಶೂ, ಹಿಮ್ಮಡಿಗಳು ನೆಲದಿಂದ ಎದ್ದಿವೆ, ಎರಡೂ, ನೆಲಕ್ಕೂ ಅವಕ್ಕೂ ನಡುವೆ ಒಂದಿಷ್ಟು ಬೆಳಕು, ಎದ್ದೇ ಇವೆ, ಎರಡೂ ಹಿಮ್ಮಡಿ.