ಒಂದೂವರೆ ಇಂಚು

ಶುಕ್ರವಾರ ಮಧ್ಯಾಹ್ನ ನಮಾಜು ಮುಗಿಸಿ, ಶಿರಾದ ಜಾಮಿಯಾ ಮಸೀದಿಯ ಹೊರಗೆ ಚಪ್ಪಲಿ ಮೆಟ್ಟುತ್ತ ಅಜರ್ ಫೋನು ತೆಗೆದು ನೋಡಿದ. ಗುಜರಿ ಅಂಗಡಿಯ ಚಿರಂಜೀವಿಯಿಂದ ಮೂರು ಮಿಸ್ಡ್ ಕಾಲ್ ಇದ್ದವು. ಏನೋ ಹೊಸ ಮಾಲು ಬಂದಿರಬೇಕು ಎಂದುಕೊಂಡು, ನಡೆಯುತ್ತಲೇ ವಾಪಸ್ ಫೋನು ಮಾಡಿದ.

“ಲೇ ಅಜರ್, ಮೊನ್ನೆ ಆ ದೊಡ್ಡ ಕಾರಿಂದು ಬ್ರೇಕ್ ಬಿಚ್ಕಂಡು ಹೋದ್ಯಲ್ಲ, ಅದ್ರ ರಬ್ಬರ್ ಪೈಪು ಎರಡೂ ಇಲ್ಲೇ ಬುಟ್ಟೋಗಿದ್ದೀಯ ಕಣ್ಲಾ. ಬೇಕಾ, ಎಸೀಲಾ?”

“ಎಸೀರಣ್ಣ. ಸಣ್ಣ ಕಾರಿನ ಹಳೇ ಪೈಪೇ ಸರಿಯಾಗಿ ಕೂತ್ಕೊಂತು.”

“ಹೆಂಗ್ಲಾ ಕೂತ್ಕೊಂತು? ಸಣ್ಣ ಕಾರಿಂದೂ ಒಂದು ಇಲ್ಲೇ ಬಿದ್ದಿತ್ತು, ಪಕ್ಕದಲ್ಲಿಟ್ಟು ನೋಡ್ದೆ. ಒಂದೂವರೆ ಇಂಚು ಗಿಡ್ಡ ಐತೆ. ಸ್ಟೇರಿಂಗ್ ಪೂರ್ತಿ ತಿರುಗ್ಸಿ ನೋಡಿದ್ಯಾ?”

ಅಜರ್ ನಿಂತುಬಿಟ್ಟ. ಹಿಂದೆ ಬರುತ್ತಿದ್ದವರು ಅವನನ್ನು ಬಳಸಿಕೊಂಡು ಮುಂದೆ ಹೋದರು.

ತಿರುಗಿಸಿ ನೋಡಿರಲಿಲ್ಲ.

ಹೈವೇ ಪಕ್ಕದ ಸರ್ವೀಸ್ ರಸ್ತೆಯಲ್ಲಿ ಅವನ ಗಾಡಿ ರಿಪೇರಿ ಶೆಡ್ಡು. ಅದಕ್ಕೆ ಎರಡೂ ಕಡೆ ಬಾಗಿಲು. ಒಂದು ಕಡೆಯಿಂದ ಬಂದ ಗಾಡಿ ತಿರುಗುವ ಗೋಜಿಲ್ಲದೆ ಇನ್ನೊಂದು ಕಡೆಯಿಂದ ನೇರ ರಸ್ತೆಗೆ ಇಳಿಯುತ್ತಿತ್ತು. ಓಬಳರಾಜುವಿನ ಕಾರನ್ನೂ ಹಾಗೆಯೇ ಹೊರಗೆ ತಂದು, ನೇರ ರಸ್ತೆಯಲ್ಲಿ ಎಂಬತ್ತಕ್ಕೆ ಓಡಿಸಿ ಬ್ರೇಕು ಒತ್ತಿದ್ದ. ಕಾರು ಮೂತಿ ನೆಲಕ್ಕೆ ತಾಗುವಂತೆ ಬಗ್ಗಿ ಗಪ್ಪನೆ ನಿಂತಿತ್ತು. ಪಕ್ಕದಲ್ಲಿ ಕೂತಿದ್ದ ಓಬಳರಾಜು ಆ ಸಂತೋಷಕ್ಕೆ ಅಜರನ ತೊಡೆ ತಟ್ಟಿದ್ದ.

ಓಬಳರಾಜು ಕೊಡಿಗೇನಹಳ್ಳಿಯ ಟೈಲರು. ಅವನದು ಹನ್ನೆರಡು ವರ್ಷ ಹಳೆಯ ಬಿಳಿ ಸಣ್ಣ ಕಾರು. ಹೋದ ತಿಂಗಳು ಮಿಡಿಗೇಶಿ ಹತ್ತಿರ ಕುರಿಮಂದೆ ಅಡ್ಡ ಬಂದಾಗ ಅವನು ಒತ್ತಿದ ಬ್ರೇಕು ಸಾಲದೆ ಎರಡು ಕುರಿ ಸತ್ತಿದ್ದವು. ಕುರಿ ಕಾಯುತ್ತಿದ್ದ ಹೆಂಗಸು ಒಂದು ಗೇಣು ಈಚೆ ನಿಂತಿದ್ದರೆ ಅವಳೂ ಹೋಗುತ್ತಿದ್ದಳು. ಆಮೇಲೆ ಅವನಿಗೆ ಸ್ಟೇರಿಂಗ್ ಹಿಡಿಯಲೇ ಹೆದರಿಕೆ. ಅದೇ ಕಂಪನಿಯ ದೊಡ್ಡ ಕಾರಿನ ಮುಂದಿನ ಬ್ರೇಕು ಇದಕ್ಕೆ ಕೂರುತ್ತದೆ, ಡಿಸ್ಕ್ ಅಗಲ, ಅದನ್ನು ಹಿಡಿಯುವ ಕ್ಯಾಲಿಪರ್ ಎರಡರಷ್ಟು ಗಟ್ಟಿ ಎಂದು ಹೇಳಿ ಒಪ್ಪಿಸಿದವನು ಅಜರನೇ. ದೊಡ್ಡ ಚಕ್ರ ಹುಡುಕಿ ತಂದ, ಬೋಲ್ಟಿಗೆ ಬೋಲ್ಟು ಹೊಂದಿಸಿದ. ಕೊನೆಗೆ ಬ್ರೇಕ್ ಎಣ್ಣೆ ಹರಿಯುವ ರಬ್ಬರ್ ಪೈಪು ಜೋಡಿಸುವಾಗ ಮಾತ್ರ ಅದು ಕೊಂಚ ಬಿಗಿ ಅನ್ನಿಸಿತ್ತು. ಬೆರಳಿನಿಂದ ಮೀಟಿಯೂ ನೋಡಿದ್ದ. ಸಾಲುತ್ತದೆ ಬಿಡು ಎಂದುಕೊಂಡಿದ್ದ.

ಈಗ ಆ ಬೆರಳು ತಣ್ಣಗಾಯಿತು. ಮುಂದಿನ ಚಕ್ರ ಪಕ್ಕಕ್ಕೆ ಪೂರ್ತಿ ತಿರುಗಿದಾಗಲೆಲ್ಲ ಆ ಪೈಪಿಗೆ ಎಳೆತ ಬೀಳುತ್ತದೆ. ಒಂದೇ ಸಲಕ್ಕೆ ಕಿತ್ತುಹೋಗುವುದಿಲ್ಲ. ಮನೆ ಮುಂದೆ ತಿರುಗಿಸಿದಾಗ ಒಂದಿಷ್ಟು, ಗುಡಿ ಮುಂದೆ ನಿಲ್ಲಿಸುವಾಗ ಒಂದಿಷ್ಟು, ಹೀಗೆ ಒಳಗಿನ ನೂಲು ಒಂದೊಂದೇ ಹರಿಯುತ್ತದೆ. ಆಮೇಲೆ ಯಾವುದೋ ಇಳಿಜಾರಿನಲ್ಲಿ ಜೋರಾಗಿ ಬ್ರೇಕು ಒತ್ತಿದ ಹೊತ್ತಿಗೆ ಒಡೆಯುತ್ತದೆ.

ಓಬಳರಾಜು ಇವತ್ತು ಹೆಂಡತಿ ಮಂಜುಳಾ ಮತ್ತು ಅತ್ತೆ ಮುದ್ದಕ್ಕನನ್ನು ಕೂರಿಸಿಕೊಂಡು ಗೊರವನಹಳ್ಳಿ ಲಕ್ಷ್ಮಿ ಗುಡಿಗೆ ಹೋಗಿದ್ದ. ಹೊಸ ಬ್ರೇಕಿಗೆ ಅಲ್ಲೇ ಪೂಜೆ ಮಾಡಿಸುತ್ತೇನೆ ಎಂದು ನಿನ್ನೆ ಸಂಜೆ ಗಾಡಿ ಒಯ್ಯುವಾಗ ಹೇಳಿದ್ದ.

ಅಜರ್ ಅವನಿಗೆ ಫೋನು ಮಾಡಿದ. ಸ್ವಿಚ್ ಆಫ್. ಮತ್ತೆ ಮಾಡಿದ. ಸ್ವಿಚ್ ಆಫ್.

ಅವನ ಮನಸ್ಸು ಒಂದು ಕ್ಷಣ ಬೇರೆ ದಾರಿ ಹಿಡಿಯಿತು. ಏನೂ ಆಗದಿದ್ದರೆ? ಸಂಜೆ ಅವನು ಮನೆ ಸೇರಿದ ಮೇಲೆ, ಸುಮ್ಮನೆ ಒಂದು ಸಲ ಚೆಕ್ ಮಾಡಬೇಕು ಬಾ ಎಂದು ಕರೆಸಿಕೊಂಡು ಪೈಪು ಬದಲಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ಬೈಕಿನ ಹತ್ತಿರ ಹೋಗುವವರೆಗೂ ಹೀಗೇ ಯೋಚಿಸಿದ. ಬೈಕಿಗೆ ಕೀಲಿ ಹಾಕಿದ. ಮಿಡಿಗೇಶಿಯ ಆ ಎರಡು ಕುರಿ ನೆನಪಾದವು. ಮನೆಗೆ ಹೋಗದೆ, ಊಟದ ಮುಂದೆ ಕಾಯುತ್ತಿದ್ದ ಹೆಂಡತಿ ಯಾಸ್ಮಿನ್‌ಗೆ ಹೇಳದೆ, ಮಧುಗಿರಿ ರಸ್ತೆ ಹಿಡಿದ.

ಬಿಸಿಲು ಸುಡುತ್ತಿತ್ತು. ರಸ್ತೆ ಬದಿಯಲ್ಲಿ ಒಣಹಾಕಿದ್ದ ಕಡಲೆಕಾಯಿ ಮೇಲೆ ಚಕ್ರ ಹತ್ತಿದಾಗ ಯಾರೋ ಕೂಗಿ ಬೈದರು. ಬಡವನಹಳ್ಳಿ ದಾಟಿ ನಿಂತು ಫೋನು ಮಾಡಿದ. ಸ್ವಿಚ್ ಆಫ್. ಎದುರಿನಿಂದ ಬರುವ ಪ್ರತಿಯೊಂದು ಬಿಳಿ ಸಣ್ಣ ಕಾರನ್ನೂ ಕಣ್ಣು ಕಿರಿದು ಮಾಡಿ ನೋಡಿದ. ಒಂದೂ ಓಬಳರಾಜುವಿನದಲ್ಲ. ದಿನಕ್ಕೆ ಎಷ್ಟು ಗಾಡಿಗಳು ಎಷ್ಟು ಜನರನ್ನು ಹೊತ್ತು ಓಡುತ್ತವೆ, ಅವರೆಲ್ಲ ಕಾಲಿನ ಕೆಳಗಿನ ಒಂದು ತುಂಡು ಕಬ್ಬಿಣವನ್ನು ನಂಬಿ ಮಾತಾಡಿಕೊಂಡು ಕೂತಿರುತ್ತಾರೆ ಎಂಬುದು ಹದಿನಾಲ್ಕು ವರ್ಷದ ಕೆಲಸದಲ್ಲಿ ಅವನಿಗೆ ಇವತ್ತೇ ಮೊದಲು ಹೊಳೆದಿದ್ದು.

ಮಧುಗಿರಿ ಬೆಟ್ಟದ ಬಂಡೆ ಎದುರಿಗೆ ಬರುವ ಹೊತ್ತಿಗೆ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಬೈಕು ನಿಲ್ಲಿಸುವಷ್ಟರಲ್ಲಿ ನಿಂತುಹೋಯಿತು. ಓಬಳರಾಜುವಿನ ನಂಬರು. ಇವನೇ ಮಾಡಿದ.

“ಯಾರಪ್ಪಾ?” ಮುದುಕಿಯ ದನಿ.

“ಅಜ್ಜೀ, ನಾನು ಅಜರು, ಶಿರಾ ಮೆಕ್ಯಾನಿಕ್ಕು. ಓಬಳರಾಜಣ್ಣಂಗೆ ಕೊಡಿ, ಬೇಗ!”

“ಅಲ್ಲುಡು ಬಂಡಿ ತೋಲ್ತಾ ಅವ್ನೆ ಕಣಪ್ಪಾ. ಓಡಿಸೋವಾಗ ಫೋನ್ ಮುಟ್ಟಲ್ಲ ಅವ್ನು. ಗುಡೀಲಿ ಆಫ್ ಮಾಡಿದ್ದ, ಆನ್ ಮಾಡಿದ್ರೆ ನೀನು ಮೂರು ಸಲ ಮಾಡಿದ್ಯಂತ ಮೆಸೇಜು ಬಂತಂತೆ, ಕೇಳು ಅಂದ, ಅದಕ್ಕೇ ನಾನೇ ಒತ್ತಿದೆ.” ಮುದ್ದಕ್ಕ ಪಾವಗಡದ ಆಚೆ, ಆಂಧ್ರದ ಗಡಿಯಲ್ಲಿ ಹುಟ್ಟಿ ಬೆಳೆದವಳು. ಅಳಿಯನನ್ನು ಅಲ್ಲುಡು ಎಂದೇ ಕರೆಯುತ್ತಿದ್ದಳು.

“ಗಾಡಿ ನಿಲ್ಸೋಕೆ ಹೇಳಿ ಅಜ್ಜೀ. ಬ್ರೇಕ್ ಪೈಪು ಕಿತ್ಕೊಳ್ಳುತ್ತೆ!”

“ಏಮಿ? ಬ್ರೇಕಾ? ಬ್ರೇಕ್ ಸಕ್ಕತ್ತಾಗೈತೆ ಅಂತ ಬೆಳಗ್ಗೆಯಿಂದ ಹೇಳ್ತಾನೇ ಅವ್ನೆ.”

“ಎಲ್ಲಿದ್ದೀರಾ ಈಗ?”

“ಗುಡಿ ಆಯ್ತು, ತೀತಾ ಡ್ಯಾಮು ನೋಡ್ದೊ. ಈಗ ದಿಗ್ಗು ಇಳೀತಾ ಇದೀವಿ.”

ದಿಗ್ಗು ಅಂದರೆ ಇಳಿಜಾರು. ಅಜರ್ ಫೋನಿಗೆ ಕೂಗಿದ. “ನಿಧಾನಕ್ಕೆ ಅನ್ನಿ ಅಜ್ಜೀ! ಮೆಲ್ಲಗೆ, ಗೇರಲ್ಲೇ ಇಳೀಲಿ! ಸ್ಟೇರಿಂಗ್ ಪೂರ್ತಿ ತಿರುಗಿಸೋದು—”

ಮುದ್ದಕ್ಕ ಫೋನು ದೂರ ಹಿಡಿದು ಕೂಗಿದ್ದು ಕೇಳಿಸಿತು. “ಅಲ್ಲುಡೂ, ಮೆಲ್ಲಗಾ ಹೋಗಬೇಕಂಟ. ಬಂಡಿ ನಿಲ್ಸಬೇಕಂಟ. ಬ್ರೇಕ್ ಏನೋ ಕಿತ್ತೋಗ್ತಾದಂಟ!” ಓಬಳರಾಜು “ಏನು?” ಎಂದ. ಇಂಜಿನ್ನಿನ ಸದ್ದು ಇಳಿಯಿತು. ಅಬ್ಬಾ, ನಿಲ್ಲಿಸುತ್ತಿದ್ದಾನೆ ಎಂದು ಅಜರ್ ಉಸಿರು ಬಿಡುವಷ್ಟರಲ್ಲಿ ಮಂಜುಳಾ ಕಿರುಚಿದಳು. ಬಂಡೆ ಉರುಳಿದಂಥ ಸದ್ದು ಕೇಳಿಸಿತು. ಅಲ್ಲಿಗೆ ಲೈನು ಸತ್ತಿತು.

ಮತ್ತೆ ಮಾಡಿದರೆ ಹೋಗಲಿಲ್ಲ.

ಮಧುಗಿರಿಯಿಂದ ಕೊರಟಗೆರೆಗೆ ಹೇಗೆ ಬಂದನೆಂದು ಕೇಳಿದರೆ ಅಜರ್ ಇವತ್ತಿಗೂ ಹೇಳಲಾರ. ಕಷ್ಟಕ್ಕೆ ಹೇಳಿಕೊಳ್ಳುವ ಕುರಾನಿನ ಆಯತುಲ್ ಕುರ್ಸಿ ಹೇಳಲು ಶುರು ಮಾಡಿದ. ಆರನೇ ವಯಸ್ಸಿನಿಂದ ಬಾಯಿಗೆ ಬರುತ್ತಿದ್ದ ಸಾಲುಗಳು ನಡುವೆ ಮರೆತುಹೋಗಿ, ಮೊದಲಿನಿಂದ ಹಿಡಿದರೆ ಮತ್ತೆ ಅಲ್ಲೇ ತಪ್ಪಿದವು. ಆ ಇಳಿಜಾರಿನ ಒಂದು ಪಕ್ಕಕ್ಕೆ ನೀರಿದೆ ಎಂಬುದಷ್ಟೇ ತಲೆಯಲ್ಲಿ ಸುತ್ತುತ್ತಿತ್ತು. ಈ ವರ್ಷ ನೀರು ಚೆನ್ನಾಗಿ ತುಂಬಿದೆ ಎಂದು ಪೇಪರಿನಲ್ಲಿ ಓದಿದ್ದ.

ತೀತಾ ಡ್ಯಾಮಿನ ಇಳಿಜಾರಿನಲ್ಲಿ ದೂರದಿಂದಲೇ ಜನ ಕಂಡರು. ಹತ್ತು ಹದಿನೈದು ಮಂದಿ ರಸ್ತೆ ಬದಿಯಲ್ಲಿ ಗುಂಪಾಗಿದ್ದರು. ಅವರ ಕಾಲುಗಳ ನಡುವೆ ಬಿಳಿ ಬಣ್ಣ ಕಂಡಿತು. ಬೈಕಿಗೆ ಸ್ಟ್ಯಾಂಡು ಹಾಕಲು ಮರೆತು ಇಳಿದ. ಅದು ಹಿಂದೆ ದಡಾರನೆ ಬಿತ್ತು. ಗುಂಪಿನೊಳಗೆ ಏನಿದೆ ಎಂದು ನೋಡದೆ ಅಲ್ಲಿಂದಲೇ ಹಿಂದಕ್ಕೆ ಓಡಿಹೋಗಬೇಕು ಅನ್ನಿಸಿತು.

ಆಗ ಮಂಜುಳಾ ಕಂಡಳು. ಜಲ್ಲಿ ರಾಶಿಯ ಮೇಲೆ ಕೂತು ತಾಯಿಯ ಹಣೆಗೆ ಸೆರಗು ಒತ್ತಿ ಹಿಡಿದಿದ್ದಳು. ಮುದ್ದಕ್ಕನ ಹುಬ್ಬು ಹರಿದು ರಕ್ತ ಕುತ್ತಿಗೆಗೆ ಇಳಿದಿತ್ತು, ಎಡಗೈ ಮಣಿಕಟ್ಟು ಊದಿತ್ತು. ಆದರೆ ಮುದುಕಿ ಕಣ್ಣು ಬಿಟ್ಟು ಕೂತಿದ್ದಳು. ಓಬಳರಾಜು ಪಕ್ಕದಲ್ಲಿ ನಿಂತಿದ್ದ. ಕಾರಿನ ಮೂತಿ ಜಲ್ಲಿಯೊಳಗೆ ಹೂತಿತ್ತು. ಜಲ್ಲಿಯ ಆಚೆ ಜಾಲಿ ಪೊದೆ, ಪೊದೆಯ ಆಚೆ ನೀರು.

ನಿಲ್ಲಿಸಬೇಕೆಂದು ಓಬಳರಾಜು ಅಂಚಿಗೆ ತಿರುಗಿಸಿ ಬ್ರೇಕು ಒತ್ತಿದ್ದ. ಪೆಡಲು ಒಮ್ಮೆಗೇ ಕೆಳಕ್ಕೆ ಇಳಿದುಹೋಗಿತ್ತು. ಇನ್ನೊಂದು ಕಡೆಯ ಚಕ್ರ ಅಷ್ಟಿಷ್ಟು ಹಿಡಿದುಕೊಂಡು ಕಾರು ಅಡ್ಡ ಎಳೆದಿತ್ತು. ಮಂಜುಳಾ ಹ್ಯಾಂಡ್ ಬ್ರೇಕು ಜಗ್ಗಿದ್ದಳು. ರಸ್ತೆ ಕೆಲಸಕ್ಕೆ ಸುರಿದಿದ್ದ ಜಲ್ಲಿ ಎದುರಿಗೆ ಸಿಕ್ಕಿತು.

ಅಜರ್ ಮೊಣಕಾಲೂರಿ ಎಡ ಚಕ್ರದ ಒಳಗೆ ಕೈ ಹಾಕಿದ. ಎಣ್ಣೆ ಅಂಟಿತು. ಪೈಪು ಬುಡದಲ್ಲಿ ಹರಿದು, ನೂಲು ಹಲ್ಲಿನ ಹಾಗೆ ಕಿಸಿದಿತ್ತು.

“ಪೈಪು ಗಿಡ್ಡ ಆಗಿತ್ತಣ್ಣ,” ಎಂದ. ದನಿ ಯಾರದೋ ಅನ್ನಿಸಿತು. “ಹಾಕೋವಾಗ್ಲೇ ಬಿಗಿ ಅಂತ ಗೊತ್ತಾಗಿತ್ತು. ತಪ್ಪು ನಂದೇ.”

ಓಬಳರಾಜು ಅವನ ಕೊರಳಪಟ್ಟಿ ಹಿಡಿದು ಎಬ್ಬಿಸಿದ. “ಗೊತ್ತಿತ್ತಾ? ಗೊತ್ತಿದ್ದೂ ಹಾಕ್ಬುಟ್ಟೇನ್ಲಾ?” ಹೊಡೆಯಲು ಎತ್ತಿದ ಕೈ ಮೇಲೆಯೇ ನಿಂತಿತು. ಹೊಡೆಯಲಿಲ್ಲ. ಕೊರಳಪಟ್ಟಿ ಬಿಟ್ಟು, ರಸ್ತೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಅತ್ತುಬಿಟ್ಟ. “ಇವ್ನು ಫೋನ್ ಮಾಡ್ದಿದ್ರೆ ತಿರುಗಿಸ್ತಾನೇ ಇರ್ಲಿಲ್ಲ,” ಎಂದು ಹೆಂಡತಿಗೆ ಹೇಳಿದ.

“ಮಾಡ್ದಿದ್ರೆ ಅಷ್ಟು ಮೆಲ್ಲಗೂ ಹೋಗ್ತಿರ್ಲಿಲ್ಲ,” ಎಂದಳು ಮಂಜುಳಾ. ಅಜರನ ಕಡೆ ಮಾತ್ರ ಅವಳು ನೋಡಲಿಲ್ಲ.

ಕೊರಟಗೆರೆ ಆಸ್ಪತ್ರೆಯಲ್ಲಿ ಮುದ್ದಕ್ಕನಿಗೆ ಏಳು ಹೊಲಿಗೆ ಹಾಕಿದರು, ಕೈಗೆ ಕಟ್ಟು ಕಟ್ಟಿದರು. ಅಜರ್ ಬಾಗಿಲಲ್ಲಿ ನಿಂತೇ ಇದ್ದ. ಅವಳೇ ಕರೆದಳು. “ಬಂಡಿ ರಿಪೇರಿ ಮಾಡ್ತೀಯೇನಪ್ಪಾ?”

“ಮಾಡ್ತೀನಿ ಅಜ್ಜೀ. ಬೇಡ ಅಂದ್ರೆ ಬೇರೆಯವರ ಕೈಲಿ ಮಾಡಿಸಿ ಕೊಡ್ತೀನಿ.”

“ನೀನೇ ಮಾಡು. ಮಾಡ್ಕಂಡು, ನಿನ್ ಹೆಂಡ್ತಿ ಮಗೂನ ಕೂರಿಸ್ಕಂಡು, ಅದೇ ದಿಗ್ಗು ಇಳಿ. ನಾವು ನಿಂತು ನೋಡ್ತೀವಿ. ಆಮೇಲೆ ಹತ್ತೋ ಮಾತು.”

ಆ ರಾತ್ರಿ ಅವನು ಯಾಸ್ಮಿನ್‌ಗೆ ಎಲ್ಲ ಹೇಳಿದ. ಅವಳು, ಮಲಗಿದ್ದ ಐದು ವರ್ಷದ ಮಗಳು ಫರೀಹಾಳ ಮೇಲಿನ ಹೊದಿಕೆ ಸರಿಮಾಡಿ, “ನಾನು ಬರ್ತೀನಿ. ಇವಳನ್ನ ಕೇಳ್ಬೇಡಿ,” ಎಂದಳು.

ಮುಂದಿನ ವಾರ ಅಜರ್ ಬೇರೆ ಯಾವ ಕೆಲಸವನ್ನೂ ಮುಟ್ಟಲಿಲ್ಲ. ಗುಜರಿಯ ಪೈಪು ಬೇಡವೆಂದು ಹೊಸವನ್ನೇ ತರಿಸಿದ, ದೊಡ್ಡ ಕಾರಿನ ಅಳತೆಯವು. ಚಕ್ರವನ್ನು ಆ ಕೊನೆಯಿಂದ ಈ ಕೊನೆಗೆ ನೂರು ಸಲ ತಿರುಗಿಸಿ, ಕೆಳಗೆ ಮಲಗಿ ಟಾರ್ಚು ಬಿಟ್ಟು ನೋಡಿದ. ಎಲ್ಲೂ ಬಿಗಿಯಿಲ್ಲ, ಎಲ್ಲೂ ಉಜ್ಜುವುದಿಲ್ಲ. ಆದರೂ ಬೆಳಗ್ಗೆ ಎದ್ದು ಮತ್ತೆ ಕೆಳಗೆ ಮಲಗುತ್ತಿದ್ದ.

ಶುಕ್ರವಾರ ಬೇಡವೆಂದು ಭಾನುವಾರ ಬೆಳಗ್ಗೆ ಗಂಡ ಹೆಂಡತಿ ಹೊರಟರು. ಇಳಿಜಾರಿನ ಕೆಳಗೆ ಮೂವರೂ ಕಾಯುತ್ತಿದ್ದರು. ಅಜರ್ ಅವರನ್ನು ದಾಟಿ ಮೇಲಕ್ಕೆ ಹೋಗುವ ಮೊದಲು ಗಾಡಿ ನಿಲ್ಲಿಸಿದ. ಮುದ್ದಕ್ಕ ಬಗ್ಗಿ ಒಳಗೆ ನೋಡಿದಳು.

“ಮಗು ಎಲ್ಲಿ?”

“ಕರ್ಕೊಂಡ್ ಬರೋಕೆ ಧೈರ್ಯ ಆಗ್ಲಿಲ್ಲ ಅಜ್ಜೀ.”

“ಮಗು ಜಾಗದಾಗೆ ನಾನು ಕೂರ್ತೀನಿ,” ಎಂದಳು ಮುದುಕಿ. ಆಮೇಲೆ ಒಳ್ಳೆಯ ಕೈಯಿಂದ ಹಿಂದಿನ ಬಾಗಿಲು ತೆಗೆದು ಹತ್ತಿ ಕೂತಳು. ಮಂಜುಳಾ “ಅಮ್ಮಾ!” ಎಂದು ಕೂಗಿದರೂ ಇಳಿಯಲಿಲ್ಲ.

ಮೇಲೆ ಹೋಗಿ ತಿರುಗಿಸಿಕೊಂಡರು. ಯಾಸ್ಮಿನ್ ಎರಡು ಕೈಯಲ್ಲೂ ಸೀಟಿನ ಅಂಚು ಹಿಡಿದಿದ್ದಳು. ಇಳಿಜಾರು ಶುರುವಾಯಿತು. ಮೂವತ್ತು, ನಲವತ್ತು. ಎಡಗಡೆ ನೀರು ಹೊಳೆಯುತ್ತಿತ್ತು. ಜಲ್ಲಿಯನ್ನು ಯಾರೋ ಒಯ್ದಿದ್ದರು, ಆ ಜಾಗ ಖಾಲಿ ಇತ್ತು. ಅಲ್ಲೇ ಅಜರ್ ಬ್ರೇಕು ಒತ್ತಿದ, ಕಾಲಲ್ಲಿದ್ದ ಬಲವನ್ನೆಲ್ಲ ಹಾಕಿ ಒತ್ತಿದ.

ಕಾರು ನಿಂತಿತು.

ಕೆಳಗಿನಿಂದ ಓಬಳರಾಜು ಓಡಿ ಬಂದ. ಕಿಟಕಿಯಲ್ಲಿ ಬಗ್ಗಿ, “ನಿಂತ್ಕೊಂತು ಕಣೋ. ಬಾ, ಕೆಳಕ್ಕೆ ತಗಂಡ್ ಬಾ,” ಎಂದ. ಅಜರ್ ತಲೆಯಾಡಿಸಿದ. ಆದರೆ ಕಾಲನ್ನು ಪೆಡಲಿನಿಂದ ಎತ್ತಲಾಗಲಿಲ್ಲ. ಎತ್ತಿದರೆ ಗಾಡಿ ಉರುಳುತ್ತದೆ ಅನ್ನಿಸುತ್ತಿತ್ತು. ಹಿಂದಿನಿಂದ ಒಂದು ಬಸ್ಸು ಬಂದು ಹಾರನ್ ಹೊಡೆಯಿತು, ಇನ್ನೊಂದು ಸಲ ಹೊಡೆಯಿತು. ಓಬಳರಾಜು ಬಸ್ಸಿಗೆ ಕೈ ಅಡ್ಡ ಹಿಡಿದು ನಿಂತ. ಯಾಸ್ಮಿನ್ ಮೆಲ್ಲಗೆ ಕೈ ಚಾಚಿ ಹ್ಯಾಂಡ್ ಬ್ರೇಕು ಎಳೆದು, “ಈಗ ಬಿಡಿ,” ಎಂದಳು.