ಆಸ್ಪತ್ರೆಯಲ್ಲಿ ಮಲಗದ ತಪ್ಪಿಗೆ

ಕೌಂಟರಿನ ಆಚೆ ಯಾರದೋ ಡಬ್ಬಿಯಿಂದ ಚಿತ್ರಾನ್ನದ ವಾಸನೆ, ಹನ್ನೊಂದೂವರೆಗೇ ಇವರಿಗೆ ಹಸಿವು, ಹಾರನಹಳ್ಳಿಯಿಂದ ಬಸ್ಸಲ್ಲಿ ಬಂದು ಅರಸೀಕೆರೆಯ ಈ ವಿಮಾ ಆಫೀಸಿನ ಬೆಂಚಲ್ಲಿ ಕೂತ ಚೆಲುವಾಂಬಳಿಗೆ ಮಾತ್ರ ಹಸಿವೂ ಇಲ್ಲ, ನೀರೂ ಬೇಡ, ಹೊಟ್ಟೆ ಉರಿಯೋಕೆ ಕೈಯಲ್ಲಿರೋ ಕಾಗದವೇ ಸಾಕು — ಇಪ್ಪತ್ತನಾಲ್ಕು ಗಂಟೆ ಆಸ್ಪತ್ರೆಯಲ್ಲಿ ದಾಖಲಾಗದ ಕಾರಣ ನಿಮ್ಮ ಕೋರಿಕೆ ತಿರಸ್ಕೃತ — ಅಂದರೆ ಹಾಸಿಗೆ ಮೇಲೆ ಅಂಗಾತ ಬಿದ್ದರೆ ಮಾತ್ರ ಕಾಯಿಲೆ, ಕಣ್ಣು ಹೋದರೆ ಅಲ್ಲ! ಹಾಸನದ ಡಾಕ್ಟರು ಬಲಗಣ್ಣಿಗೆ ಸೂಜಿ ಚುಚ್ಚಿ, ಒಂದು ಗಂಟೆ ಕೂರಿಸಿ, ಮನೆಗೆ ಹೋಗಿ ಅಮ್ಮ ಅಂದರು, ಸಕ್ಕರೆ ಕಾಯಿಲೆಗೆ ಕಣ್ಣಿನ ಪರದೆ ಊದಿದೆ, ತಿಂಗಳಿಗೊಂದು ಇಂಜೆಕ್ಷನ್, ತಪ್ಪಿಸಬೇಡಿ — ತಪ್ಪಿಸಿದ್ದು ಈ ವಿಮೆಯವರು, ಇವತ್ತು ನಾಳೆ ಅಂತ ಎರಡು ತಿಂಗಳು, ಮೊದಲನೆಯದರ ದುಡ್ಡೇ ಬರದೆ ಖಾಸಗಿ ಶಾಲೆ ಟೀಚರ ಸಂಬಳದಲ್ಲಿ ಎರಡನೆಯದು ಎಲ್ಲಿಂದ, ಮೂರನೆಯದು ಎಲ್ಲಿಂದ, ಮತ್ತೆ ಆ ಏಜೆಂಟು ವಿಜಯಸಾರಥಿ, ನಮ್ಮನೆ ಜಗಲಿ ಮೇಲೆ ಕಾಫಿ ಕುಡಿದು ಕಣ್ಣು ಗಿಣ್ಣು ಎಲ್ಲಾ ಸೇರುತ್ತೆ ಮೇಡಂ ಅಂದವನು, ಈಗ ಫೋನಲ್ಲಿ ಪಿಸುಗುಡ್ತಾನೆ, ಒಂದ್ ರಾತ್ರಿ ಅಡ್ಮಿಟ್ ಆಗಿದ್ರಿ ಅಂತ ಚೀಟಿ ಬರೆಸ್ಕೊಂಡ್ ಬನ್ನಿ, ಎಲ್ರೂ ಹಂಗೇ ಮಾಡೋದು — ಎಲ್ರೂ! ಇಪ್ಪತ್ತಾರು ವರ್ಷ ಮಕ್ಕಳು ಕಾಪಿ ಹೊಡೆಯೋದನ್ನ ಹಿಡಿದೋಳು ಕಣೋ ನಾನು, ಅಂದಳು, ಫೋನಿಟ್ಟಳು, ಭಾನುವಾರ ಪಾಲಿಸಿ ಪುಸ್ತಕವನ್ನ ಬಿಸಿಲಿಗೆ ಹಿಡಿದು ಬಲಗಣ್ಣು ಮುಚ್ಚಿ ಎಡಗಣ್ಣಿಗೆ ಭೂತಗನ್ನಡಿ ಹಿಡಿದಳು, ಇರುವೆ ಸಾಲಿನಂಥ ಇಂಗ್ಲಿಷು, ಕತ್ತು ನೋವು, ಬಿಡಲಿಲ್ಲ, ಮೂವತ್ತೊಂದನೇ ಪುಟ, ರಾತ್ರಿ ತಂಗಬೇಕಿಲ್ಲದ ಚಿಕಿತ್ಸೆಗಳ ಪಟ್ಟಿ, ಅದರಲ್ಲಿ ಕಣ್ಣಿನೊಳಗೆ ಕೊಡುವ ಇಂಜೆಕ್ಷನ್ — ಇದೆ! ಇವರೇ ಅಚ್ಚು ಹಾಕಿಸಿದ್ದು, ಇವರೇ ಓದಿಲ್ಲ — ಯಾರು ಆಂಟಿ ನೆಕ್ಸ್ಟು, ಕೌಂಟರಿನ ಹುಡುಗಿ, ಎದೆ ಮೇಲೆ ದಿವ್ಯಾ ಅಂತ ಹೆಸರು, ಕಾಗದ ನೋಡಿ ವಾಪಸ್ ತಳ್ಳಿದಳು, ಅದು ರೂಲ್ಸ್ ಆಂಟಿ, ನಮ್ ಕೈಲೇನಿಲ್ಲ, ಕೈಲಿಲ್ಲದಿದ್ರೆ ಬಾಯಲ್ಲಿ ಓದಮ್ಮ, ಈ ಪುಟ, ಜೋರಾಗಿ, ಈ ಬೆಂಚಲ್ಲಿ ಕೂತೋರಿಗೆಲ್ಲ ಕೇಳಲಿ, ಹುಡುಗಿ ಓದಿದಳು, ನಡುವೆ ದನಿ ಇಳಿಯಿತು, ಎದ್ದು ಮ್ಯಾನೇಜರ ಕೋಣೆಗೆ ಹೋದಳು, ಬಂದಳು, ಸಾರಿ ಮೇಡಂ — ಆಂಟಿ ಹೋಗಿ ಮೇಡಂ ಬಂತು — ತಪ್ಪು ನಮ್ಮದೇ, ನಿಮ್ ಅರ್ಜಿ ಈಗಲೇ ಮತ್ತೆ ಕಳಿಸ್ತೀನಿ, ಹದಿನೈದು ದಿನದಲ್ಲಿ ದುಡ್ಡು ಬರುತ್ತೆ, ಗೆದ್ದೆ, ಬೆಂಚಲ್ಲಿ ಯಾರೋ ಸರಿಯಾಗ್ ಕೇಳಿದ್ರಿ ಕಣ್ರೀ ಅಂದರು, ಗೆದ್ದೆ, ಆದರೆ ಆ ಎರಡು ತಿಂಗಳನ್ನ ಯಾರು ಮತ್ತೆ ಕಳಿಸ್ತಾರೆ, ಬಲಗಣ್ಣಲ್ಲಿ ಎಷ್ಟು ಉಳಿದಿದೆ ನೋಡೇ ಬಿಡೋಣ ಅಂತ ಎಡಗಣ್ಣನ್ನ ಅಂಗೈಯಲ್ಲಿ ಮುಚ್ಚಿ ಆ ಹುಡುಗಿ ಕಡೆ ತಿರುಗಿದಳು, ಎರಡು ಕಿವಿಯ ಓಲೆ ಇವೆ, ಹೆಗಲ ಮೇಲಿನ ಜಡೆ ಇದೆ, ನಡುವೆ ಬೂದಿ ಬಣ್ಣದ ತೇಪೆ, ಸಾರಿ ಮೇಡಂ ಅಂತ ಆ ತೇಪೆಯೇ ಹೇಳ್ತಾ ಇದೆ, ಓಲೆ, ಜಡೆ, ಮುಖ ಇಲ್ಲ, ಓಲೆ, ಜಡೆ — ಮುಖ ಇಲ್ಲ.