ಕಿತ್ತಳೆ ಬಣ್ಣದ ಹೆಂಗಸು

ಬೆನ್ನ ಹಿಂದೆ ಕುರ್ಚಿ ಕಿರುಗುಟ್ಟಿತು, ಅಪ್ಪ ಬಂದು ಕೂತೇಬಿಟ್ಟರು, ಇನ್ನೂ ಮುಗಿದಿಲ್ಲ ಅಂದರೆ ಕೇಳುವ ಜನವೇ, ಕತ್ತು ಓರೆ ಮಾಡಿ ಲ್ಯಾಪ್‌ಟಾಪಿನ ಪರದೆಯನ್ನು ಕಣ್ಣಂಚಿನಲ್ಲಿ ಹಿಡಿಯುತ್ತಿದ್ದಾರೆ — ನಡುವಿನ ನೋಟ ಹೋಗಿದೆ, ಕಣ್ಣಿನ ಡಾಕ್ಟರು ಕಾಗದದ ಮಧ್ಯೆ ಹೆಬ್ಬೆರಳಿಟ್ಟು ತೋರಿಸಿದ್ದರು, ಇಷ್ಟು ಕಾಣಲ್ಲ, ಸುತ್ತ ಕಾಣತ್ತೆ, ಅಷ್ಟೇ. ಅಷ್ಟೇ ಅಂತೆ. ಜೀವಮಾನವಿಡೀ ಕೈಗಡಿಯಾರದ ಹೊಟ್ಟೆ ಬಗೆದು ನೋಡಿದ ಮನುಷ್ಯ, ಈಗ ಗೋಡೆ ಕಡೆ ಮುಖ ಮಾಡಿ ರೇಡಿಯೋ ಕೇಳುತ್ತಾರೆ, ಮಗಳು ಮಾತಾಡಿಸಿದರೆ ಹೂಂ, ಊಟ ಹಾಕಲಾ ಅಂದರೂ ಹೂಂ. ಅವಳೇನು ಕಂಪ್ಯೂಟರ್ ಆಟ ಕಟ್ಟುವವಳಲ್ಲ, ದಂತವೈದ್ಯರ ಕೈಗೆ ಇಕ್ಕಳ ಕೊಡುವವಳು, ಊಟದ ಬಿಡುವಿನಲ್ಲಿ ಕ್ಲಿನಿಕ್ಕಿನ ಕೌಂಟರ್ ಹುಡುಗಿ ಫೋನಿನಲ್ಲಿ ತೋರಿಸಿದ್ದಳು, ಕೋಡಿಂಗ್ ಗೀಡಿಂಗ್ ಏನೂ ಬೇಡ ಅಕ್ಕ, ಚೌಕಕ್ಕೆ ಬಣ್ಣ ತುಂಬಿ, ಕೋಣೆ ಮಾಡಿ, ಒಬ್ಬರನ್ನ ತಂದು ನಿಲ್ಸಿ, ಆಟ ಆಯ್ತು. ಹಳೇ ಕಾಲದ ವಿಡಿಯೋ ಗೇಮಿನ ದಪ್ಪ ದಪ್ಪ ಚೌಕ. ಮನೆಗೆ ಬಂದು ಸುಮ್ಮನೆ ಒಂದು ಗೋಡೆ ಬಳಿದಳು, ಬಾಗಿಲಲ್ಲಿ ಹಾದುಹೋಗುತ್ತಿದ್ದ ಅಪ್ಪ ನಿಂತರು, ಏನೇ ಅದು ನೀಲಿ?

ಕಂಡಿತಲ್ಲ ಅವರಿಗೆ. ಆಮೇಲೆ ಇದೇ ಕೆಲಸ, ಇದೇ ಮನೆಯನ್ನೇ ಕಟ್ಟಿದಳು, ನೀಲಿ ಗೋಡೆ, ಬಿಳಿ ಮೇಜು, ಹಳದಿ ಅಪ್ಪ — ಅಡ್ಡಕ್ಕೆ ಎಂಟು ಚೌಕ, ಉದ್ದಕ್ಕೆ ಎಂಟು, ಇದರಲ್ಲಿ ಮೀಸೆ ಎಲ್ಲಿ ತುರುಕುವುದು, ಬಿಡು, ಮೀಸೆ ಬೋಳಿಸಿದ ಅಪ್ಪ. ಯಾರಿಗಾದರೂ ಡಿಕ್ಕಿ ಹೊಡೆದರೆ ಅವರು ಏನಾದರೂ ಹೇಳಬೇಕು, ಅದೇ ಆಟ, ಅದಕ್ಕೇ ಅಡಿಗೆಮನೆಯ ಬಾಗಿಲಲ್ಲಿ ಅತ್ತೆಯನ್ನು ನಿಲ್ಲಿಸಿದಳು, ಅಪ್ಪನ ಅಕ್ಕ, ಅವಳನ್ನು ಸಾಕಿದ ಅತ್ತೆ, ಕಿತ್ತಳೆ ಬಣ್ಣ, ಚಪ್ಪಲಿ ಬಿಟ್ಟು ಒಳಗೆ ಬಾ ಅನ್ನುವ ಮಾತು. ಎರಡು ಚಿತ್ರ ಬರೆದರೆ ಸಾಕು, ಕಾಲು ಮೇಲಿದ್ದದ್ದೊಂದು, ಕೆಳಗಿದ್ದದ್ದೊಂದು, ಅದು ತಾನಾಗಿಯೇ ಅದಲುಬದಲು ಮಾಡುತ್ತದೆ, ನಿಂತಲ್ಲೇ ನಡೆದ ಹಾಗೆ. ಕಣ್ಣು ಇಡುವುದೊಂದು ಬಾಕಿ, ಅಷ್ಟರಲ್ಲಿ ಕುರ್ಚಿ, ಎಲ್ಲಿ ತೋರ್ಸೇ, ಯಾವ ಗುಂಡಿ ಒತ್ತೋದು — ಇದು ಅಪ್ಪ, ಇದು ಎಡಕ್ಕೆ, ಇದು ಬಲಕ್ಕೆ. ಒತ್ತಿದರು. ಹಳದಿ ಬೊಂಬೆ ಮೇಜು ದಾಟಿತು, ಗೋಡೆಗೆ ಹಾಯಿತು, ಅಪ್ಪ ನಕ್ಕರು, ನಕ್ಕೇಬಿಟ್ಟರಲ್ಲ, ಪರದೆಯ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತರು, ಬೆರಳು ಗುಂಡಿಯ ಮೇಲೇ ಇದೆ, ಒತ್ತುತ್ತಿಲ್ಲ.

ನಿಮ್ಮಮ್ಮನ್ನೂ ಹಾಕಿದೀಯ.

ಈ ಮನೆಯಲ್ಲಿ ಆ ಮಾತು — ಒಂದು ದಿನ ಶಾಲೆಯಿಂದ ಬಂದಾಗ ಅಮ್ಮನ ಸೀರೆಗಳಿರಲಿಲ್ಲ, ಅತ್ತೆ ಬಂದು ಡಬ್ಬಿಗಳನ್ನು ಬೇರೆ ಸಾಲಿನಲ್ಲಿ ಜೋಡಿಸಿದರು, ಅಮ್ಮ ಎಲ್ಲಿ ಹೋದ್ಲು ಅಂದರೆ ಅಪ್ಪ ಗಡಿಯಾರದಿಂದ ತಲೆ ಎತ್ತಲಿಲ್ಲ, ಕೆಲಸ ಇದೆ ಹೋಗು, ಅಷ್ಟೇ, ಅಂದಿನಿಂದ ಒಂದು ಸಲವೂ ಇಲ್ಲ, ಅತ್ತೆ ಸತ್ತಾಗಲೂ ಇಲ್ಲ. ಅಲ್ಲ ಅಪ್ಪ, ಅದು ಅತ್ತೆ ಅಂದರೆ ಮುಗಿಯಿತು. ಹೇಳಬೇಕು. ಅಪ್ಪ ಕತ್ತನ್ನು ಇನ್ನೊಂದು ಕಡೆಗೆ ವಾಲಿಸಿದರು, ಆ ಕಣ್ಣಂಚಿನಿಂದ ಈ ಕಣ್ಣಂಚಿಗೆ ಕಿತ್ತಳೆಯನ್ನು ಸಾಗಿಸಿಕೊಂಡರು.

ಬರ್ತಿದಾಳೋ, ಹೋಗ್ತಿದಾಳೋ? ಗೊತ್ತಾಗ್ತಿಲ್ವಲ್ಲೇ ನಂಗೆ.

ಕಣ್ಣಿಟ್ಟಿಲ್ಲ ಅಪ್ಪ. ಎರಡು ಬಿಳಿ ಚೌಕ ಇಟ್ಟರೆ ಮುಖ, ಬರುತ್ತಿದ್ದಾಳೆ, ಇಡದಿದ್ದರೆ ಬೆನ್ನು, ಬರೀ ಎರಡು ಚೌಕ, ಮೌಸು ಕೈಯಲ್ಲೇ ಇದೆ, ಅಪ್ಪ ಕಾಯುತ್ತಿದ್ದಾರೆ, ಬಾಗಿಲಲ್ಲಿ ಕಿತ್ತಳೆ ಹೆಂಗಸು ಕಾಲು ಎತ್ತುತ್ತಾಳೆ, ಇಡುತ್ತಾಳೆ, ಎತ್ತುತ್ತಾಳೆ, ಇಡುತ್ತಾಳೆ, ಎತ್ತುತ್ತಾಳೆ —